ಬನದ ಹುಣ್ಣಿಮೆಯ ರಾಕೆಟ್ಟು

ಅಕ್ಕೋರ ಬಗಲಚೀಲದಿಂದ ಸೈಕಲ್ ಪಂಪಿನ ಹಿಡಿಕೆ ಯಾವಾಗಲೂ ಹೊರಗೆ ಇಣುಕುತ್ತಿತ್ತು. ಮದುವೆಮನೆಗೆ ಬಂದರೂ ಅಷ್ಟೇ: ಇಳಕಲ್ ಸೀರೆ, ಕೈತುಂಬ ಹಸಿರು ಬಳೆ, ಬಗಲಲ್ಲಿ ಪಂಪು. ಬೈಲಹೊಂಗಲದ ಹುಡುಗರು ಸೈಕಲ್ಲಿನ ಗಾಳಿ ಇಳಿದರೆ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಇವರು ಗಾಳಿ ಹಾಕುತ್ತ, ಇದೇ ಗಾಳಿ ರಾಕೆಟ್ಟನ್ನು ಹೇಗೆ ಹಾರಿಸುತ್ತದೆ ಎಂದು ಕೊರೆಯುತ್ತಿದ್ದರು. ಗಾಳಿ ಪುಕ್ಕಟೆ, ಪಾಠ ಕಡ್ಡಾಯ.

ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು ಅವರು. ನಮ್ಮೂರಿನ ಪುಟ್ಟ ವಿಜ್ಞಾನ ಸಂಘ ವರ್ಷಕ್ಕೊಮ್ಮೆ ಶಾಲಾಮಕ್ಕಳಿಗೆ ಬಾಹ್ಯಾಕಾಶ ಸ್ಪರ್ಧೆ ನಡೆಸುತ್ತಿತ್ತು. ನಡೆಸುತ್ತಿತ್ತು ಅಂದರೆ ಅಕ್ಕೋರು ನಡೆಸುತ್ತಿದ್ದರು. ಬಿ.ಎಸ್ಸಿ. ಮುಗಿಸಿ ರೊಟ್ಟಿ ಬಡಿಯುತ್ತ ಮನೆಯಲ್ಲಿದ್ದ ನನ್ನನ್ನು ಸಂಘದ ಕೆಲಸಕ್ಕೆ ಕರೆದೊಯ್ಯಲು ಬಂದು ಅವ್ವನಿಗೆ ಹೇಳಿದರು: "ರೊಟ್ಟಿ ನಾನೂ ಬಡೀತೇನ್ರಿ. ಬಡದ ಮ್ಯಾಲ ಹೊತ್ತು ಉಳೀತೈತಿ, ಅದನ್ನ ನನಗ ಕೊಡ್ರಿ." ಸಂಬಳವಿಲ್ಲದ ಆ ಕೆಲಸಕ್ಕೆ ಓಡಿದಷ್ಟು ಹುರುಪಿನಿಂದ ನಾನು ಮತ್ತೆಲ್ಲಿಗೂ ಓಡಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಆ ವರ್ಷ ಮುರಗೋಡದ ಹೆಣ್ಣುಮಕ್ಕಳ ಶಾಲೆಯೊಂದು ಸ್ಪರ್ಧೆಗೆ ಬರಲು ಮೊದಲ ಸಲ ಒಪ್ಪಿತ್ತು. ಅಲ್ಲಿಯ ಹೆಡ್‌ಮಾಸ್ತರರು ಸುಮ್ಮನೆ ಒಪ್ಪಿದವರಲ್ಲ; ಇದೊಂದು ಸಲ ಕಳಿಸುತ್ತೇನೆ, ಕೆಲಸ ಕೆಟ್ಟರೆ ಮತ್ತೆ ಈ ಕಡೆ ಬರಬೇಡಿ ಎಂದಿದ್ದರು. ಅಕ್ಕೋರು ಶನಿವಾರ ಶನಿವಾರ ಹೋಗಿ, ಪ್ಲಾಸ್ಟಿಕ್ ಬಾಟಲಿಗೆ ಒಂದಿಷ್ಟು ನೀರು ಹಾಕಿ, ಪಂಪಿನಿಂದ ಗಾಳಿ ಒತ್ತಿ ರಾಕೆಟ್ಟಿನಂತೆ ಹಾರಿಸುವುದನ್ನು ಹುಡುಗಿಯರಿಗೆ ಕಲಿಸಿದರು.

ದಿನ ಗೊತ್ತುಮಾಡಿದ್ದು ಮಾತ್ರ ಹುಣ್ಣಿಮೆಗೆ. ಸ್ಪರ್ಧೆ ಮುಗಿದ ಮೇಲೆ ಮಕ್ಕಳಿಗೆ ದೂರದರ್ಶಕದಲ್ಲಿ ತುಂಬಿದ ಚಂದ್ರನನ್ನು ತೋರಿಸುವ ಆಸೆ ಅಕ್ಕೋರಿಗೆ. ಸಂಘದವರೆಲ್ಲ ಭಲೇ ಎಂದೆವು. ಚಂದ್ರನ ಗುಂಗಿನಲ್ಲಿ, ಅದು ಬನದ ಹುಣ್ಣಿಮೆ, ಇಡೀ ಸೀಮೆಯೇ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಜಾತ್ರೆಗೆ ಹೋಗುವ ದಿನ ಎಂಬುದು ಒಬ್ಬರ ತಲೆಗೂ ಹೊಳೆಯಲಿಲ್ಲ. ಎಂಥ ಶಾಣ್ಯಾರು ನೋಡಿ ನಾವು!

ಆವತ್ತು ಬಸ್ಸುಗಳೆಲ್ಲ ಗುಡ್ಡದ ಕಡೆಗೇ. ಬೈಲಹೊಂಗಲದ ಶಾಲೆಗಳ ರಾಕೆಟ್ಟುಗಳು ಹಾರಿ ಮುಗಿದರೂ ಮುರಗೋಡದವರ ಪತ್ತೆಯಿಲ್ಲ. ಆಮೇಲೆ ಹೆಡ್‌ಮಾಸ್ತರರ ಫೋನು ಬಂತು. ಹುಡುಗಿಯರು ಬೆಳಿಗ್ಗೆಯಿಂದ ಬಸ್‌ಸ್ಟ್ಯಾಂಡಿನಲ್ಲೇ ನಿಂತಿದ್ದಾರೆ, ಇನ್ನು ಮನೆಗೆ ಕಳಿಸುವವನೇ ಎಂದರು. ಧಾರವಾಡದಿಂದ ಬಂದಿದ್ದ ತೀರ್ಪುಗಾರ ಪ್ರೊಫೆಸರರು, ಬಾರದವರನ್ನು ಬಿಟ್ಟು ಫಲಿತಾಂಶ ಹೇಳಿಬಿಡೋಣ ಎಂದು ಎದ್ದರು. ನನಗೆ ಅಳುವೇ ಬಂತು.

ಅಕ್ಕೋರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. "ತಪ್ಪು ನಂದು, ಹುಡುಗ್ಯಾರದಲ್ಲ. ಅವರಿಗೆ ಬರಾಕ ಆಗಲಿಲ್ಲಂದ್ರ ಸ್ಪರ್ಧಾನ ಅವರ ಕಡೆ ಹೋಗಲಿ. ಏಳ್ರಿ ಸರ."

ಮುರಗೋಡದ ಮೇಲೆ ಹಾದು ಗುಡ್ಡಕ್ಕೆ ಹೊರಟಿದ್ದ ಟ್ರ್ಯಾಕ್ಟರಿಗೆ ನಡುರಸ್ತೆಯಲ್ಲಿ ನಿಂತು ಕೈ ಅಡ್ಡ ಹಿಡಿದರು. ಟ್ರೇಲರಿನಲ್ಲಿದ್ದ ಹೆಂಗಸರು ಸರಿದು ಕೂತು ಜಾಗ ಮಾಡಿದರು. ಪ್ರೊಫೆಸರರ ತೊಡೆಯ ಮೇಲೆ ದೂರದರ್ಶಕ, ಹಣೆಗೆ ಯಾವುದೋ ಅಜ್ಜಿ ಬಳಿದ ಭಂಡಾರದ ಅರಿಶಿನ. ದಾರಿಯುದ್ದಕ್ಕೂ "ಉಧೋ ಉಧೋ" ಎಂದು ಎಲ್ಲಮ್ಮನ ಜೈಕಾರ. ಒಂದೆರಡು ಸಲ ಪ್ರೊಫೆಸರರೂ ದನಿಗೂಡಿಸಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಹುಡುಗಿಯರು ಇನ್ನೂ ಅಲ್ಲೇ ಇದ್ದರು. ಬಸ್‌ಸ್ಟ್ಯಾಂಡಿನ ಹಿಂದಿನ ಬಯಲಲ್ಲೇ ಬಾಟಲಿ ನಿಲ್ಲಿಸಿದರು. ಟ್ರ್ಯಾಕ್ಟರಿನವರೂ ಇಳಿದು ಸುತ್ತುಗಟ್ಟಿದರು. ಎರಡು ಜಡೆಯ ಹುಡುಗಿಯೊಬ್ಬಳು ಹಲ್ಲು ಕಚ್ಚಿ ಅಕ್ಕೋರ ಪಂಪು ಒತ್ತಿದಳು. ಸರ್ರನೆ ನೀರು ಚಿಮ್ಮಿ ರಾಕೆಟ್ಟು ಬೇವಿನ ಮರವನ್ನೂ ದಾಟಿ ಮೇಲೇರಿತು. ಅಷ್ಟೂ ಜನ ಒಂದೇ ದನಿಯಲ್ಲಿ "ಉಧೋ" ಎಂದು ಕೂಗಿದರು. ಅಬ್ಬಬ್ಬಾ, ಆ ಖುಷಿಯೇ! ಎರಡನೇ ಬಹುಮಾನ ಮುರಗೋಡಕ್ಕೆ ಹೋಯಿತು, ಮುಂದಿನ ವರ್ಷದ ಮಾತನ್ನು ಹೆಡ್‌ಮಾಸ್ತರರೇ ಎತ್ತಿದರು.

ಚಂದ್ರ ಮೂಡಿದಾಗ ದೂರದರ್ಶಕಕ್ಕೆ ಪಾಳಿ ಹಚ್ಚಿದವರಲ್ಲಿ ಗುಡ್ಡಕ್ಕೆ ಹೊರಟವರೇ ಹೆಚ್ಚು. "ಇನ್ನ ಮ್ಯಾಲ ಬನದ ಹುಣ್ಣಿವಿಗೇ ಇಡೂಣು," ಅಂದರು ಅಕ್ಕೋರು. "ಇಷ್ಟ ಮಂದಿ ಮತ್ತ ಎಲ್ಲಿ ಸಿಗತಾರ?" ಅಂದಿನಿಂದ ಸ್ಪರ್ಧೆ ಬನದ ಹುಣ್ಣಿಮೆಗೇ, ಅದೂ ಮಕ್ಕಳ ಊರಿಗೇ ಹೋಗಿ.

ಅಕ್ಕೋರು ತೀರಿಕೊಂಡ ವರ್ಷ ಸಂಘದವರು ಈ ಸಲ ಬೇಡ ಎಂದರು. ನಾನು ಕೇಳಲಿಲ್ಲ. ಅವರ ಪಂಪನ್ನು ಬಗಲಿಗೆ ಹಾಕಿಕೊಂಡು ಮುರಗೋಡಕ್ಕೆ ಹೋದೆ. ನಮ್ಮಲ್ಲಿ ರಾಕೆಟ್ಟು ಹಾರಿಸುವಾಗ ಯಾರೂ ಹತ್ತರಿಂದ ಹಿಂದಕ್ಕೆ ಎಣಿಸುವುದಿಲ್ಲ. ಅಂದು ಬಾಟಲಿ ಮೇಲೇಳುತ್ತಲೇ, ಆ ವರ್ಷವೇ ಹೊಸದಾಗಿ ಸೇರಿದ, ಅಕ್ಕೋರ ಮುಖವನ್ನೇ ಕಾಣದ ಮಕ್ಕಳು "ಉಧೋ" ಎಂದು ಕೂಗಿದರು. ನಾನೂ ಕೂಗಿದೆ, ಅಳುತ್ತಲೇ.