ರಿಪೋರ್ಟಿನ ಎರಡನೇ ಸಾಲು

ಕೊರೊನಾ ಗಲಾಟೆಯೆಲ್ಲ ತಣ್ಣಗಾದ ಮರುವರ್ಷದ ಮಾತು ಇದು. ಆಗ ನನಗೆ ಅರವತ್ತೊಂಬತ್ತು ವರ್ಷ. ಮೊದಲು ಯಾರಿಗೆ ಹೇಳಬೇಕಿತ್ತೋ ಅವರಿಗೆ ಹೇಳಿಯಾದ ಮೇಲೆ ಈಗ ಬರೆಯುತ್ತಿದ್ದೇನೆ.

ನೀಲಗಿರಿಯ ನಡುವಟ್ಟಂ ಹತ್ತಿರದ ಒಂದು ಸಣ್ಣ ಹಟ್ಟಿಯಲ್ಲಿ ನಮ್ಮ ಮನೆ. ನಮ್ಮ ತಂದೆ ಗುಂಡ್ಲುಪೇಟೆ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಒಂದು ಟೀ ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ಮಾತ್ರೆ ಕಟ್ಟಿಕೊಡುವ ಕೆಲಸಕ್ಕೆ ಸೇರಿದೆ, ಅಲ್ಲೇ ನಿವೃತ್ತನಾದೆ. ಡಾಕ್ಟರ ಇಂಗ್ಲಿಷ್ ಬರಹ ಓದಿ ಓದಿ ಅಭ್ಯಾಸವಾಗಿತ್ತು. ಹಟ್ಟಿಯವರ ಪಾಲಿಗೆ ನಾನು ಅರ್ಧ ಡಾಕ್ಟರು.

ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಹೇಳುವುದಿಲ್ಲ ಎಂದು ಸ್ಕ್ಯಾನ್ ಮಾಡುವ ಕಡೆಯೆಲ್ಲ ಬೋರ್ಡು ಹಾಕಿರುತ್ತಾರೆ. ಅದಕ್ಕೇ ಜನ ರಿಪೋರ್ಟು ಹಿಡಿದು ನನ್ನ ಹತ್ತಿರ ಬರುತ್ತಿದ್ದರು. ತಾಯಿಯಿಂದ ಮಗುವಿಗೆ ರಕ್ತ ಒದಗಿಸುವ ಮಾಸು, ಅಂದರೆ ಪ್ಲಾಸೆಂಟಾ, ಗರ್ಭದಲ್ಲಿ ಎಲ್ಲಿ ಅಂಟಿಕೊಂಡಿದೆ ಎಂದು ಅದರಲ್ಲಿ ಬರೆದಿರುತ್ತದೆ. ಬೆನ್ನಿನ ಕಡೆ ಇದ್ದರೆ ಗಂಡು, ಹೊಟ್ಟೆಯ ಕಡೆ ಇದ್ದರೆ ಹೆಣ್ಣು ಎಂದು ಎಸ್ಟೇಟಿನಲ್ಲಿ ಯಾರೋ ಹೇಳಿದ್ದನ್ನು ನಾನು ವಿದ್ಯೆ ಎಂದುಕೊಂಡಿದ್ದೆ. ಹತ್ತರಲ್ಲಿ ಐದು ನಿಜವಾಗುತ್ತಿತ್ತು. ನಿಜವಾದವರು ಊರೆಲ್ಲ ಹೇಳುತ್ತಿದ್ದರು, ಆಗದವರು ಸುಮ್ಮನಿರುತ್ತಿದ್ದರು.

ಒಮ್ಮೆ ಎಲೆ ತೂಗುವ ಶೆಡ್ಡಿನಲ್ಲಿ ಒಬ್ಬಳು, "ಅಜ್ಜ, ನನ್ ತಂಗೀಗೆ ಗಂಡು ಅಂದ್ರಿ, ಹೆಣ್ಣಾಯ್ತಲ್ಲ" ಎಂದು ಕೆಣಕಿದಳು.

"ನಿನ್ ತಂಗಿ ಪೇಪರ‍್ನ ತಲೆಕೆಳಗಾಗಿ ಕೊಟ್ಟಿದ್ಲು ಕನವ್ವ" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ವರ್ಷ ನನ್ನ ಸೊಸೆ ರತ್ನ ಎರಡನೆಯ ಬಾರಿ ಬಸುರಿಯಾಗಿದ್ದಳು. ಮೊದಲನೆಯದು ಹೆಣ್ಣು, ಪುಟ್ಟಿ, ಆಗ ಒಂದನೇ ತರಗತಿ. ಐದನೆಯ ತಿಂಗಳಲ್ಲಿ ಸ್ಕ್ಯಾನ್ ಮಾಡಿಸಿಕೊಂಡು ಬಂದು ಅವಳು ಕವರನ್ನು ನನ್ನ ಕೈಗೇ ಕೊಟ್ಟಳು. ಮೊದಲನೆಯ ಸಾಲಿನಲ್ಲೇ ಇತ್ತು: ಪ್ಲಾಸೆಂಟಾ ಪೋಸ್ಟೀರಿಯರ್. ಬೆನ್ನಿನ ಕಡೆ. ಎರಡನೆಯ ಸಾಲನ್ನೂ ನಾನು ಓದಿದೆ. ಮಾಸು ಕೆಳಗಿದೆ, ಗರ್ಭದ ಬಾಯಿಯವರೆಗೆ ಬಂದಿದೆ, ಎಂಟನೆಯ ತಿಂಗಳಲ್ಲಿ ಮತ್ತೆ ಸ್ಕ್ಯಾನ್ ಮಾಡಿ ನೋಡಬೇಕು ಎಂದಿತ್ತು. ಓದಿದೆ, ಅರ್ಥವೂ ಆಯಿತು. ಆದರೆ ಬಾಯಲ್ಲಿ ಬಂದದ್ದು ಮೊದಲನೆಯ ಸಾಲು ಮಾತ್ರ.

"ಹಿಂದ್ಕಡೆ ಅದೆ. ಗಂಡುಮಗ" ಎಂದೆ.

ನನ್ನ ಹೆಂಡತಿ ನಿಂಗಮ್ಮ ಸಕ್ಕರೆ ಡಬ್ಬಿ ತರಲು ಒಳಗೆ ಓಡಿದಳು. ರತ್ನ ಮಾತ್ರ ನಿಂತೇ ಇದ್ದಳು.

"ಕೆಳಗಡೆ ಅದೆ ಅಂದ್ರು ಮಾವ. ಡಾಕ್ಟ್ರಮ್ಮ ಎರಡ್ ಸಲ ಹೇಳುದ್ರು. ಭಾರ ಎತ್ಬೇಡ, ರಕ್ತ ಕಂಡ್ರೆ ತಕ್ಷಣ ಬಾ ಅಂದ್ರು. ಕೆಳಗಡೆ ಅಂದ್ರೆ ಏನು?"

"ಎಲ್ಲಾರ‍್ಗೂ ಹಂಗೇ ಹೇಳ್ತಾರೆ. ಹೊಟ್ಟೆ ಬೆಳೆದಂಗೆ ಅದೂ ಮೇಲಕ್ಕೆ ಹೋಯ್ತದೆ ಬುಡವ್ವ."

ಹೆಚ್ಚಿನವರಿಗೆ ಹಾಗೆ ಮೇಲಕ್ಕೆ ಹೋಗುವುದೂ ನಿಜ. ಹೋಯಿತೋ ಇಲ್ಲವೋ ನೋಡುವುದಕ್ಕೇ ಎರಡನೆಯ ಸ್ಕ್ಯಾನ್ ಇರುವುದು.

ಎಂಟನೆಯ ತಿಂಗಳು ಬಂತು. ನನ್ನ ಮಗ ಮಹೇಶ ಫ್ಯಾಕ್ಟರಿಗೆ ಎಲೆ ಸಾಗಿಸುವ ಪಿಕಪ್ ಓಡಿಸುತ್ತಾನೆ. ಅವನು ಒಂದು ದಿನ ರಜೆ ಹಾಕಿ ಕರೆದುಕೊಂಡು ಹೋಗುತ್ತೇನೆ ಎಂದ. ನಾನೇ ಬೇಡವೆಂದೆ. ಪದೇ ಪದೇ ಸ್ಕ್ಯಾನ್ ಮಾಡಿಸಿದರೆ ಮಗುವಿಗೆ ಒಳ್ಳೆಯದಲ್ಲ ಎಂದು ಕಾರಣ ಕೊಟ್ಟೆ. ಅದು ಸುಳ್ಳು. ನಿಜವಾದ ಕಾರಣವನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯಬೇಕು. ಗಂಡುಮಗು ಎಂದು ಇಡೀ ಹಟ್ಟಿಗೆ ಹೇಳಿಯಾಗಿತ್ತು. ಹೊಸ ರಿಪೋರ್ಟಿನಲ್ಲಿ ಮಾಸು ಮುಂದಿದೆ ಎಂದು ಬಂದುಬಿಟ್ಟರೆ ನನ್ನ ಮಾತು ಬಿದ್ದುಹೋಗುತ್ತದಲ್ಲ ಎಂದು ನನಗೆ ಹೆದರಿಕೆ. ಅಷ್ಟೇ.

ಆಮೇಲೆ ಒಂದು ದಿನ ರತ್ನಳ ಲಂಗಕ್ಕೆ ಸ್ವಲ್ಪ ರಕ್ತ ತಗುಲಿತ್ತು. ನಿಂಗಮ್ಮ ಬಂದು ನನ್ನನ್ನು ಕೇಳಿದಳು.

"ನೋವದಾ?"

"ಇಲ್ವಂತೆ."

"ನೋವಿಲ್ದೆ ಇದ್ಮೇಲೆ ಭಯ ಇಲ್ಲ."

ಡಿಸ್ಪೆನ್ಸರಿಯಲ್ಲಿ ನಾನು ಕಲಿತದ್ದು ಅಷ್ಟೇ. ನೋವಿದ್ದರೆ ಕಾಯಿಲೆ, ಇಲ್ಲದಿದ್ದರೆ ಇಲ್ಲ. ಮಾಸು ಬಾಯಿಗೆ ಅಡ್ಡ ಬಂದಾಗ ರಕ್ತ ಹೀಗೆ ನೋವಿಲ್ಲದೆಯೇ ಹೋಗುತ್ತದೆ, ಅದೇ ಮೊದಲ ಎಚ್ಚರಿಕೆ ಎಂಬುದು ನನಗೆ ಗೊತ್ತಿರಲಿಲ್ಲ. ರಕ್ತ ಕಂಡರೆ ತಕ್ಷಣ ಬಾ ಎಂದು ಡಾಕ್ಟರು ಹೇಳಿದ್ದಂತೂ ಗೊತ್ತಿತ್ತು.

ಹನ್ನೆರಡು ದಿನ ಕಳೆಯಿತು. ಬೆಳಗ್ಗೆ ಪುಟ್ಟಿಗೆ ಜಡೆ ಹಾಕುತ್ತಿದ್ದ ರತ್ನ, "ಅತ್ತೆ" ಎಂದು ಒಂದೇ ಒಂದು ಸಲ ಕರೆದು ಎದ್ದು ನಿಂತಳು. ಕಾಲಿನ ಕೆಳಗೆ ಸಿಮೆಂಟು ನೆಲವೆಲ್ಲ ರಕ್ತ. ಪಕ್ಕದ ಮನೆಯವರ ಜೀಪಿನಲ್ಲಿ ಅವಳನ್ನು ಮಲಗಿಸಿದೆವು. ಮೇಲೆ ಊಟಿಗೋ ಕೆಳಗೆ ಗೂಡಲೂರಿಗೋ ಎಂದು ಡ್ರೈವರ್ ಕೇಳಿದ. ಕೆಳಗೆ ಹತ್ತಿರ ಎಂದು ನಾನು ಅಂದೆ. ಮೊದಲು ಹೋದ ಆಸ್ಪತ್ರೆಯವರು ಡ್ರಿಪ್ ಹಾಕಿದರು, ರಿಪೋರ್ಟು ನೋಡಿದರು, ಇದಕ್ಕೆ ಆಪರೇಶನ್ನೂ ತುಂಬ ರಕ್ತವೂ ಬೇಕು ಎಂದು ಆಂಬುಲೆನ್ಸಿನಲ್ಲಿ ಊಟಿಗೆ ಕಳಿಸಿದರು. ಇಳಿದುಬಂದ ತಿರುವುಗಳನ್ನೇ ಮತ್ತೆ ಹತ್ತಿದೆವು. ನಮ್ಮ ಹಟ್ಟಿಯ ದಾರಿ ಸೇರುವಲ್ಲಿ ಪುಟ್ಟಿ ಅರ್ಧ ಹಾಕಿದ ಜಡೆಯಲ್ಲೇ ಅಜ್ಜಿಯ ಕೈ ಹಿಡಿದು ನಿಂತಿದ್ದಳು. ಆಂಬುಲೆನ್ಸಿನಲ್ಲಿ ಇರುವುದು ಯಾರು ಎಂದು ಅವಳಿಗೆ ಗೊತ್ತಿರಲಿಲ್ಲ. ಕೈ ಬೀಸಿದಳು.

ಊಟಿಗೆ ತಲುಪುವ ಹೊತ್ತಿಗೆ ರತ್ನಳ ತುಟಿ ಬೆಳ್ಳಗಾಗಿತ್ತು. ಫ್ಯಾಕ್ಟರಿಯಿಂದ ನೇರವಾಗಿ ಅಲ್ಲಿಗೆ ಬಂದಿದ್ದ ಮಹೇಶ ರಕ್ತ ಕೊಡಲು ಹೋದ. ನಾನೊಬ್ಬನೇ ಹೊರಗೆ ಕುಳಿತಿದ್ದೆ. ಆಪರೇಶನ್ ಮುಗಿದ ಮೇಲೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ರಿಪೋರ್ಟು ಹಿಡಿದು ಬಂದರು. ತಮಿಳಿನಲ್ಲಿ ಕೇಳಿದರು.

"ತಾತ, ಇದರಲ್ಲಿ ಎಲ್ಲ ಬರೆದಿದೆಯಲ್ಲ. ಮನೆಯಲ್ಲಿ ಯಾರೂ ಓದಲಿಲ್ಲವಾ?"

"ನಮಗೆ ಇಂಗ್ಲಿಷ್ ಬರೋಲ್ಲಮ್ಮ" ಎಂದೆ.

ಆಕೆಗೆ ಕೋಪ ಬರಲಿಲ್ಲ. ಪಾಪ, ಓದುಬರಹ ಇಲ್ಲದ ಮುದುಕ ಎಂದು ನನ್ನ ಪಕ್ಕದಲ್ಲೇ ಕುಳಿತರು. ಬೋರಲು ಹಾಕಿದ ಚೊಂಬಿನ ಹಾಗೆ ಒಂದು ಕೈ ಹಿಡಿದು ತೋರಿಸಿದರು. "ಗರ್ಭ ಹೀಗಿರುತ್ತೆ ತಾತ, ಬಾಯಿ ಕೆಳಗೆ. ಮಾಸು ಮುಂದೆ ಅಂಟಿದ್ದರೂ ಪರವಾಗಿಲ್ಲ, ಹಿಂದೆ ಅಂಟಿದ್ದರೂ ಪರವಾಗಿಲ್ಲ. ಬಾಯಿಯಿಂದ ದೂರ ಇರಬೇಕು. ಬಾಯಿ ಮೇಲೇ ಕೂತರೆ ಮಗು ಬರೋ ದಾರಿ ಮುಚ್ಚುತ್ತೆ. ಬಾಯಿ ಸ್ವಲ್ಪ ಅಗಲವಾದರೂ ಮಾಸು ಕಿತ್ತು ರಕ್ತ ಹರಿಯುತ್ತೆ. ಮೊದಲೇ ಗೊತ್ತಾಗಿದ್ದರೆ ಇಲ್ಲೇ ಇರಿಸಿಕೊಂಡು, ಸಮಯ ನೋಡಿ ಆಪರೇಶನ್ ಮಾಡ್ತಿದ್ದೆವು."

ತಿಳಿದದ್ದನ್ನೇ ತಿಳಿಯದವನ ಹಾಗೆ ತಲೆಯಾಡಿಸುತ್ತ ಕೇಳಿದೆ. ಕೊನೆಗೆ ಅವರು ನನ್ನ ಭುಜದ ಮೇಲೆ ಕೈಯಿಟ್ಟು, ರಕ್ತ ನಿಲ್ಲದೆ ಗರ್ಭಕೋಶ ತೆಗೆಯಬೇಕಾಯಿತು, ತಾಯಿ ಉಳಿಯುತ್ತಾಳೆ, ಮಗುವಿನ ವಿಷಯ ಹೇಳುವ ಹಾಗಿಲ್ಲ ಎಂದರು.

ಹೆಣ್ಣು ಮಗು. ಮಾರನೆಯ ದಿನ ಮಧ್ಯಾಹ್ನದವರೆಗೆ ಉಸಿರಾಡಿತು. ಗಂಡಾಗಿದ್ದರೂ ನನ್ನ ತಪ್ಪೇನೂ ಕಡಿಮೆಯಾಗುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ನಾನು ಊಟ ಬಿಟ್ಟು ಕುಳಿತದ್ದನ್ನು ನೋಡಿ ರತ್ನಳೇ ಸಮಾಧಾನ ಹೇಳಿದಳು. "ನೀವೇನ್ ಮಾಡೀರಿ ಮಾವ. ಅದು ಮೇಲಕ್ಕೆ ಹೋಗ್ನಿಲ್ಲ, ಅಷ್ಟೇಯ. ಉಣ್ಣಿ." ಆಗಲಾದರೂ ಬಾಯಿ ಬಿಡಬಹುದಿತ್ತು. ಉಂಡೆ.

ಎರಡು ವರ್ಷ ಹಾಗೇ ಉಂಡೆ.

ಈ ವರ್ಷ ಮಳೆ ಬಿಟ್ಟ ಮೇಲೆ, ಅದೇ ಶೆಡ್ಡಿನಲ್ಲಿ ಹಟ್ಟಿಯ ಹೊಸ ಸೊಸೆಯೊಬ್ಬಳು ನಾಚಿಕೊಂಡು ನನ್ನ ಮುಂದೆ ರಿಪೋರ್ಟು ಹಿಡಿದಳು. "ಅಜ್ಜ, ಹಿಂದೆನಾ ಮುಂದೆನಾ?" ಪಕ್ಕದಲ್ಲಿ ರತ್ನ ತನ್ನ ಎಲೆ ಚೀಲದ ಬಾಯಿ ಕಟ್ಟುತ್ತಿದ್ದಳು.

"ಹಿಂದೆ ಮುಂದೆ ಕೇಳ್ಬ್ಯಾಡ ಕನವ್ವ, ಅದ್ರಲ್ಲಿ ಏನೂ ಇಲ್ಲ. ಮೇಲದೋ ಕೆಳಗದೋ ಕೇಳು" ಎಂದೆ. ಆಮೇಲೆ ನಿಲ್ಲಿಸಲಾಗಲಿಲ್ಲ. "ನನ್ ಸೊಸೆ ಕಾಗ್ದದಲ್ಲಿ ಕೆಳಗದೆ ಅಂತ ಬರೆದಿತ್ತು. ನಾನು ಓದಿದ್ದೆ. ಅರ್ಥವಾಗಿತ್ತು. ಎರಡನೇ ಸ್ಕ್ಯಾನ್ ಬೇಡ ಅಂದೋನೂ ನಾನೇಯ, ನನ್ ಮಾತು ಸುಳ್ಳಾಯ್ತದೆ ಅಂತ."

ರತ್ನಳ ಕೈ ನಿಂತಿತು. ಅವಳು ನನ್ನ ಕಡೆ ತಿರುಗಲಿಲ್ಲ. ಗಂಟನ್ನು ಇನ್ನೊಂದು ಸಲ ಬಿಗಿದಳು, ಚೀಲವನ್ನು ತಕ್ಕಡಿಗೆ ಎತ್ತಿಟ್ಟು ಹೊರಗೆ ಹೋದಳು.

ಆ ಸಂಜೆ ಮನೆಯಲ್ಲಿ ಜಗಳ ಆಗಲಿಲ್ಲ. ಅವಳು ಎಂದಿನಂತೆ ನನಗೆ ಕಾಫಿ ತಂದಳು. ಮದುವೆಯಾಗಿ ಬಂದಾಗಿನಿಂದ ಲೋಟವನ್ನು ಸೆರಗಿನಲ್ಲಿ ಹಿಡಿದು, "ಬಿಸಿ ಅದೆ ಮಾವ" ಎಂದು ನನ್ನ ಕೈಗೆ ಕೊಡುತ್ತಿದ್ದವಳು ಅಂದು ಅದನ್ನು ಜಗಲಿಯ ಕಟ್ಟೆಯ ಮೇಲೆ ಇಟ್ಟು ಹೋದಳು. ಈಗ ದಿನವೂ ಅಲ್ಲಿಯೇ ಇಡುತ್ತಾಳೆ. ಕಾಫಿ ಬಿಸಿಯಾಗಿಯೇ ಇರುತ್ತದೆ. ನಾನು ಎದ್ದು ಹೋಗಿ ತೆಗೆದುಕೊಳ್ಳುತ್ತೇನೆ.