ಸುಟ್ಟ ಬೆಟ್ಟಕ್ಕೆ ಅಂಟುವಾಳದ ಬೀಜ

ನಮ್ಮ ಸೋದರತ್ತೆಗೆ ಭೂಗೋಳ ಗೊತ್ತಿರುವುದು ಡಬ್ಬಗಳ ಮೂಲಕ. ಕಾಟನ್‌ಪೇಟೆಯ ಗಲ್ಲಿಯೊಂದರಲ್ಲಿ ಅವರದು ಗ್ರಂಥಿಗೆ ಅಂಗಡಿ. ಸೀಗೆ, ಅಂಟುವಾಳ, ಅಳಲೆಕಾಯಿ, ಬಾಣಂತಿ ಲೇಹ್ಯದ ಸಾಮಾನು, ಧೂಪ, ಬೇರು, ನಾರು ಎಲ್ಲ ಅಲ್ಲಿ ಸಿಗುತ್ತದೆ. ಮಾವ ತೀರಿಕೊಂಡಾಗ ಅಂಗಡಿ ಮುಚ್ಚುತ್ತಾರೆಂದು ಪೇಟೆಯ ಅರ್ಧ ಜನ ಕಾದಿದ್ದರಂತೆ. ವೈಕುಂಠ ಸಮಾರಾಧನೆ ಮುಗಿಸಿ ಬಂದು ಗಲ್ಲಾದ ಮುಂದೆ ಕುಳಿತ ಅತ್ತೆ, ಎಂಬತ್ತು ಹತ್ತಿರ ಬಂದರೂ ಇನ್ನೂ ಎದ್ದಿಲ್ಲ. ನಾನು ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಶನಿವಾರ ಬೆಳಗಿನ ತರಗತಿ ಮುಗಿಸಿ ಅಂಗಡಿಗೆ ಹೋಗಿ ಕೂರುವುದು ನನ್ನ ಅಭ್ಯಾಸ. ಸಹಾಯಕ್ಕೆ ಅಂತ ಹೆಸರು, ನಿಜಕ್ಕೂ ಅವರ ಮಾತು ಕೇಳುವುದಕ್ಕೆ.

ಕೆಲವು ವರ್ಷಗಳಿಂದ ಫೋನಿನಲ್ಲಿ ಕಾಡ್ಗಿಚ್ಚಿನ ಸುದ್ದಿಗೆ ಬಿಡುವೇ ಇಲ್ಲ. ಒಮ್ಮೆ ಆಸ್ಟ್ರೇಲಿಯಾ, ಒಮ್ಮೆ ಅಮೆಜಾನ್, ಒಮ್ಮೆ ಕೆನಡಾ. ನಾನು ಅತ್ತೆಗೆ ಓದಿ ಹೇಳುತ್ತೇನೆ: ಅಲ್ಲಿಯ ಹೊಗೆ ಸಮುದ್ರ ದಾಟಿ ಬೇರೆ ದೇಶದ ಆಕಾಶವನ್ನು ಮಸುಕು ಮಾಡಿದೆ, ಮರಗಳು ತಲೆತಲಾಂತರದಿಂದ ಹಿಡಿದಿಟ್ಟಿದ್ದ ಇಂಗಾಲ ಗಾಳಿಗೆ ಸೇರಿದೆ, ಅದರಿಂದ ಭೂಮಿ ಇನ್ನಷ್ಟು ಬಿಸಿಯಾಗಿ ಮುಂದಿನ ಬೆಂಕಿಗೆ ದಾರಿಯಾಗಿದೆ. ಅತ್ತೆ ಗಂಭೀರವಾಗಿ ಕೇಳಿಸಿಕೊಂಡು ಕೊನೆಗೆ ಒಂದೇ ಪ್ರಶ್ನೆ ಹಾಕುತ್ತಾರೆ. ಆ ಕಾಡಿನಲ್ಲಿ ಏನು ಸಿಗುತ್ತಿತ್ತು? ಗ್ರೀಸ್ ಕಡೆಯ ದ್ವೀಪದಲ್ಲಿ ಬೆಂಕಿ ಎಂದಾಗ ಎದ್ದುಹೋಗಿ ರೂಮಿ ಮಸ್ತಕಿಯ ಡಬ್ಬ ಅಲ್ಲಾಡಿಸಿ ನೋಡಿದರು. ಆ ಅಂಟು ಬರುವುದು ಆ ಕಡೆಯ ಮರಗಳಿಂದಲೇ. ಮೊದಮೊದಲು ನನಗೆ ನಗು ಬರುತ್ತಿತ್ತು. ಕಾಡು ಉರಿಯುವಾಗ ಡಬ್ಬ ನೋಡುವ ಈ ವ್ಯಾಪಾರಿ ಬುದ್ಧಿಗೆ ಏನು ಹೇಳುವುದು ಅಂದುಕೊಳ್ಳುತ್ತಿದ್ದೆ. ಆಮೇಲೆ ತಿಳಿಯಿತು. ನಾನು ಎಷ್ಟು ಹೆಕ್ಟೇರ್ ಎಂದು ಓದಿ ಮರೆತುಬಿಡುತ್ತಿದ್ದೆ, ಅವರು ಯಾವ ಮರ ಎಂದು ಕೇಳಿ ನೆನಪಿಟ್ಟುಕೊಳ್ಳುತ್ತಿದ್ದರು.

ಎರಡು ವರ್ಷದ ಕೆಳಗೆ ಬೆಂಕಿಯ ಸುದ್ದಿ ನಮ್ಮ ಅಂಗಡಿಗೇ ನಡೆದು ಬಂತು. ಚಾಮರಾಜನಗರದ ಕಡೆಯ ಬೆಟ್ಟದಿಂದ ವರ್ಷಕ್ಕೊಮ್ಮೆ ಅಂಟುವಾಳ ತರುವವರೊಬ್ಬರಿದ್ದಾರೆ, ಅರವತ್ತರ ಆಸುಪಾಸಿನವರು. ಅವರ ತಂದೆಯೂ ಇದೇ ಅಂಗಡಿಗೆ ತಂದು ಹಾಕುತ್ತಿದ್ದರು. ಆ ಸಲ ಅವರು ಮೂಟೆ ಇಳಿಸಿದ ಕೂಡಲೇ ಅತ್ತೆ ಒಂದು ಕಾಯಿ ಮುರಿದು ಮೂಸಿ ಕೆಳಗಿಟ್ಟರು. ಹೊಗೆಯ ವಾಸನೆ ನನ್ನ ಮೂಗಿಗೂ ಬಂತು.

ಬೆಟ್ಟ ಸುಟ್ಟುಹೋಯಿತು ಎಂದರು ಆತ. ಒಣಹುಲ್ಲು, ಲಂಟಾನ ಕಳೆಯ ಪೊದೆ ಹಿಡಿದು ಓಡಿಬಂದ ಬೆಂಕಿ ಅಂಟುವಾಳದ ಮರಗಳನ್ನು ಬುಡದಿಂದಲೇ ತಿಂದುಹಾಕಿತ್ತು. ಈ ಮೂಟೆ ಅದಕ್ಕೆ ಮುಂಚೆ ಕಿತ್ತು ಮನೆಯಲ್ಲಿ ಇಟ್ಟದ್ದು, ಹೊಗೆ ಅಲ್ಲಿಗೂ ನುಗ್ಗಿತ್ತು. ಜೇನು ಎದ್ದುಹೋಗಿದೆ, ಮೊದಲ ಮಳೆಗೆ ಹಳ್ಳದಲ್ಲಿ ಕರಿನೀರು ಹರಿಯಿತು, ಮೇಲ್ಮಣ್ಣೆಲ್ಲ ಕೊಚ್ಚಿಹೋಯಿತು, ಈಗ ಚಿಗುರುತ್ತಿರುವುದೂ ಅದೇ ಲಂಟಾನ. ಕಾಡ್ಗಿಚ್ಚಿನ ಪರಿಣಾಮಗಳು ಎಂದು ನಾನು ಕರಿಹಲಗೆಯ ಮೇಲೆ ಬರೆಯುವುದೂ ಇದನ್ನೇ. ಆದರೆ ಅವರು ಹೇಳುವಾಗ ತೀರಿಕೊಂಡವರ ಸುದ್ದಿ ಹೇಳಿದಂತಿತ್ತು. ತರುವುದಕ್ಕೆ ಇನ್ನೇನೂ ಇಲ್ಲ, ಇನ್ನು ಬರುವುದಿಲ್ಲ, ಹೇಳಿ ಹೋಗೋಣವೆಂದು ಬಂದೆ ಅಂದರು.

ತಲೆಗೆ ಹಚ್ಚುವವರಿಗೆ ಹೊಗೆವಾಸನೆಯ ಕಾಯಿ ಕೊಡುವ ಪೈಕಿ ಅಲ್ಲ ಅತ್ತೆ. ಮೂಟೆಯನ್ನು ಒಡವೆ ತೊಳೆಯುವ ಅಕ್ಕಸಾಲಿಗರಿಗೆಂದು ಬೇರೆ ಇಟ್ಟರು. ಆಮೇಲೆ ಹೇಳಿದರು: "ನಿಮ್ ಬೆಟ್ಟದ ಬೀಜ ನನ್ ಹತ್ರ ಅಟ್ಟದ್ ತುಂಬ ಇದೆ. ತಗೊಂಡೋಗಿ ಬಿತ್ತಿ."

ಅಂಟುವಾಳ ಕೊಳ್ಳುವವರಿಗೆ ಸಿಪ್ಪೆ ಬೇಕು, ಬೀಜ ಬೇಡ. ಬಿಡಿಸಿಯೇ ತೂಗುವುದು ನಮ್ಮ ಅಂಗಡಿಯ ಪದ್ಧತಿ. ಆ ಕರಿಬೀಜ ಅಟ್ಟದಲ್ಲಿ ಬಿದ್ದಿರುತ್ತದೆ, ಅಳಗುಳಿಮಣೆ ಆಟಕ್ಕೆ ಕೇಳಿದವರಿಗೆ ಪುಕ್ಕಟೆ. ಆತ ಊಟ ಮಾಡಿ ಬರುವಷ್ಟರಲ್ಲಿ ಅತ್ತೆ ಅಷ್ಟನ್ನೂ ಇಳಿಸಿ, ದೊಡ್ಡ ಬಾಣಲೆಯಲ್ಲಿ ಚೆನ್ನಾಗಿ ಬಿಸಿ ಮಾಡಿ, ಆರಿಸಿ, ಚೀಲಕ್ಕೆ ತುಂಬಿ ಹೊಲಿಸಿಟ್ಟರು. ಹುಳು ಬೀಳದಿರಲೆಂದು ಹೊರಡುವ ಸರಕಿಗೆಲ್ಲ ಶಾಖ ತೋರಿಸುವುದು ಅವರ ಕೈಗೆ ಅಂಟಿದ ಶಿಸ್ತು. ಪಕ್ಕದಲ್ಲಿ ಸೌಟು ಹಿಡಿದು ನಿಂತಿದ್ದ ನನಗೂ ಏನೂ ಹೊಳೆಯಲಿಲ್ಲ.

ಮಳೆಗಾಲ ಕಳೆದ ಮೇಲೆ ಫೋನ್ ಬಂತು. ಒಂದು ಬೀಜವೂ ಮೊಳೆತಿರಲಿಲ್ಲ. ಅತ್ತೆ ಫೋನ್ ಕೆಳಗಿಟ್ಟು ಬಾಣಲೆಯನ್ನೇ ನೋಡಿದರು.

"ಹುರಿದ ಬೀಜ ಎಲ್ಲಾದ್ರೂ ಮೊಳೆಯತ್ತಾ? ಕಾಡ್ಗಿಚ್ಚು ಬಿಟ್ಟಿದ್ದನ್ನ ನಾನು ಬಾಣಲೇಲಿ ಮುಗಿಸ್ದೆ."

ಬೇರೆಯವರಾಗಿದ್ದರೆ ಮಣ್ಣಿನ ಮೇಲೋ ಮಳೆಯ ಮೇಲೋ ಹಾಕಿ ಸುಮ್ಮನಾಗುತ್ತಿದ್ದರು. ಅತ್ತೆ ಆಗಲೇ ವಾಪಸ್ ಫೋನ್ ಮಾಡಿ ತಪ್ಪು ನನ್ನದು ಎಂದು ಬಿಡಿಸಿ ಹೇಳಿದರು. ಆ ಕಡೆ ಆತ ಜೋರಾಗಿ ನಕ್ಕಿದ್ದು ನನಗೂ ಕೇಳಿಸಿತು. ಅತ್ತೆಯೂ ನಕ್ಕರು, ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಜೀವನದಲ್ಲಿ ಕೆಲವು ದೊಡ್ಡ ಮನುಷ್ಯರನ್ನು ನೋಡಿದ್ದೇನೆ, ಇಷ್ಟು ಸಲೀಸಾಗಿ ತಪ್ಪೊಪ್ಪಿಕೊಂಡವರನ್ನು ನೋಡಿಲ್ಲ.

ಅಟ್ಟ ಖಾಲಿಯಾಗಿತ್ತು, ಹೊಗೆಯ ಮೂಟೆ ಬೀಜ ಬಿಡಿಸದೆಯೇ ಅಕ್ಕಸಾಲಿಗರಿಗೆ ಹೋಗಿತ್ತು. ಆದರೆ ಆ ಬೆಟ್ಟದ ಬೀಜ ಊರಲ್ಲೆಲ್ಲ ಇತ್ತು, ಮನೆಮನೆಯ ಅಳಗುಳಿಮಣೆಯ ಡಬ್ಬಿಗಳಲ್ಲಿ. ಅಂಗಡಿಗೆ ಬಂದವರಿಗೆಲ್ಲ ಅತ್ತೆ ಕೇಳತೊಡಗಿದರು. ನಿಮಗೆ ಕೊಟ್ಟ ಬೀಜ ಇದ್ದರೆ ವಾಪಸ್ ಬೇಕು, ಬೆಟ್ಟಕ್ಕೆ. ಬಸವನಗುಡಿಯಿಂದ ಬಂತು, ಮಲ್ಲೇಶ್ವರದಿಂದ ಬಂತು. ವೈಯಾಲಿಕಾವಲಿನ ಅಜ್ಜಿಯೊಬ್ಬರು ಬಸ್ಸಿನಲ್ಲಿ ಬಂದು ಕರ್ಚೀಫಿನ ಗಂಟು ಬಿಚ್ಚಿ, ಇದರಲ್ಲಿ ನಾನು ಸೋತಿದ್ದೇ ಜಾಸ್ತಿ, ತೊಲಗಲಿ ಎಂದು ಸುರಿದು ಹೋದರು. ಕೊಟ್ಟದ್ದನ್ನು ವಾಪಸ್ ಕೇಳಿದರೂ ಯಾರೂ ಮುಖ ಸಿಂಡರಿಸಲಿಲ್ಲ. ಈ ಸಲ ಅತ್ತೆ ಬಾಣಲೆಯನ್ನು ತಾವೇ ಮೇಲೆತ್ತಿಟ್ಟು, ಚೀಲ ಕಟ್ಟಿಸಿ ಬೆಟ್ಟಕ್ಕೆ ಕಳಿಸಿದರು.

ಈ ವರ್ಷ ಮಳೆ ನಿಂತ ಮೇಲೆ ಆತ ಬರಿಗೈಯಲ್ಲಿ ಬಂದರು. ಹಳೇ ಬೀಜ, ಬಹಳಷ್ಟು ಮೊಳೆತಿಲ್ಲ. ಹಳ್ಳದ ದಂಡೆಯಲ್ಲಿ ಒಂದಷ್ಟು ಮೊಳಕಾಲೆತ್ತರ ಎದ್ದಿವೆ ಎಂದರು. ಸುತ್ತ ಮುಳ್ಳಿನ ಬೇಲಿ ಕಟ್ಟಿದ್ದಾರೆ. ಆದರೆ ಪ್ರತಿ ಬೇಸಿಗೆಯೂ ಸುತ್ತಲ ಹುಲ್ಲು ಸವರಿ ಬೆಂಕಿ ಬೀಳದಂತೆ ಕಾಯದಿದ್ದರೆ ಒಂದೂ ಉಳಿಯದು. ಕಾಯಿ ಯಾವಾಗ ಬಿಡುತ್ತದೆ ಎಂದು ಅತ್ತೆ ಕೇಳಿದರು. ಹತ್ತು ವರ್ಷವಾದರೂ ಬೇಕು ಎಂದರು ಆತ. ಹೇಳಿ ತಲೆ ತಗ್ಗಿಸಿದರು. ನನಗೂ ಅತ್ತೆಯ ಮುಖ ನೋಡುವ ಧೈರ್ಯವಾಗಲಿಲ್ಲ.

ಅತ್ತೆ ನಿಟ್ಟುಸಿರು ಬಿಡಲಿಲ್ಲ. ನನ್ನ ಕಡೆ ತಿರುಗಿದರು.

"ಇವ್ರು ಮೂಟೆ ಹೊತ್ಕೊಂಡ್ ಬಂದಾಗ ಈ ಬಾಗ್ಲು ತೆಗ್ದಿರ್ಬೇಕು. ನೀನು ಕೂತಿರ್ತೀಯಾ?"

ಅತ್ತೆಯ ನಂತರ ಅಂಗಡಿ ಇಲ್ಲವೆಂಬುದು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡ ಮಾತು. ನನಗೆ ಒಂದು ಬೇರಿಗೂ ಇನ್ನೊಂದು ಬೇರಿಗೂ ವ್ಯತ್ಯಾಸ ತಿಳಿಯದು. ಆದರೂ ಕೂತಿರ್ತೀನಿ ಅಂದೆ, ಹಿಂದೆಮುಂದೆ ನೋಡದೆ.

ಆತ ತಲೆಯೆತ್ತಿ ನನ್ನನ್ನು ಒಮ್ಮೆ ಚೆನ್ನಾಗಿ ನೋಡಿದರು. ಆಮೇಲೆ ಟವೆಲು ಹೆಗಲಿಗೆ ಹಾಕಿಕೊಂಡು ಎದ್ದರು.

"ನೀವು ಇಲ್ಲಿರ್ತೀರಿ ಅಂದ್ರೆ ನಾನು ಅಲ್ಲಿ ಬೆಂಕಿ ಬೀಳದ ಹಾಗೆ ಕಾಯ್ತೀನಿ."