ಅಜ್ಜಿಯ ಮೆದುಳು ಮತ್ತು ಹಸಿರು ಬೈರಾಸು

ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುತ್ತಲೇ ಇದನ್ನು ಓದುತ್ತಿರುವ ಸಮಸ್ತ ಮಹಾಜನರೇ, ಇಂದು ಕಾಮೋಠೆಯ ನಮ್ಮ ಮನೆಯಲ್ಲಿ ವಿಜ್ಞಾನಕ್ಕೆ ಜಯವಾಯಿತು!

ಕಳೆದ ವಾರ ಅಜ್ಜಿ ತರಕಾರಿ ತರಲು ಹೋಗಿ ಭಾಜಿ ಮಾರ್ಕೆಟ್ಟಿನಿಂದ ಬರುವಾಗ ಪಕ್ಕದ ಬಿಲ್ಡಿಂಗಿಗೆ ನುಗ್ಗಿ, "ನಮ್ಮ ಮನೆಯಲ್ಲಿ ನಿಮಗೆಂತ ಕೆಲಸ?" ಎಂದು ಅಲ್ಲಿಯವರನ್ನೇ ಗದರಿಸಿದ್ದರು. "ಅಮ್ಮನಿಗೆ ಮರೆವು ಶುರುವಾಯ್ತು" ಎಂದು ಅಪ್ಪ ಅವರೊಬ್ಬರನ್ನೇ ಹೊರಗೆ ಬಿಡುವುದನ್ನು ನಿಲ್ಲಿಸಿದರು.

ಮೆದುಳು ದಾರಿಯನ್ನು ಹೇಗೆ ನೆನಪಿಡುತ್ತದೆಂದು ಸಂಶೋಧನೆ ಮಾಡುವ ನಮ್ಮಕ್ಕ ಇವತ್ತು ರಜೆಗೆ ಬಂದಳು. ಅಜ್ಜಿಯನ್ನು ಗೇಟಿನ ಹೊರಗೆ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಸ್ಟೇಷನ್, ಮಾರ್ಕೆಟ್, ದೇವಸ್ಥಾನ ಯಾವ ಕಡೆ ಎಂದು ಕೇಳಿದಳು. ಅಜ್ಜಿಯ ಬೆರಳು ಒಮ್ಮೆಯೂ ತಪ್ಪಲಿಲ್ಲ.

"ಮತ್ತೆ ಅವತ್ತು ಯಾಕಜ್ಜಿ ತಪ್ಪಿತು?"

"ಮೂರು ಬಿಲ್ಡಿಂಗೂ ಒಂದೇ ನಮೂನೆ ಉಂಟು ಮಗಾ. ಬಾಲ್ಕನಿಯಲ್ಲಿ ಮೈ ಒರೆಸುವ ಹಸಿರು ಬೈರಾಸು ಕಂಡ್ರೆ ಅದು ನಮ್ದು. ಅವತ್ತು ಅದು ಇರ್ಲಿಲ್ಲ. ನಾನೆಂತ ಮಾಡುದು?"

ಅಕ್ಕ ಅಪ್ಪನತ್ತ ತಿರುಗಿದಳು. "ಕೇಳಿದ್ರಾ ಅಪ್ಪ? ಗುರುತೇ ತೆಗೆದ್ರೆ ನಿಮಗೂ ದಾರಿ ತಪ್ತದೆ. ಅಜ್ಜಿಯ ತಲೆ ಸರಿ ಉಂಟು."

ಸಂಜೆ ಅಜ್ಜಿ ಒಬ್ಬರೇ ಹೋಗಿ ಬೆಂಡೆಕಾಯಿ ತಂದರು. ಅಷ್ಟೂ ಹೊತ್ತು ಬಾಲ್ಕನಿಯಲ್ಲೇ ನಿಂತಿದ್ದ ಅಪ್ಪ, ಗಾಳಿಗೆ ನಿಂತಿದ್ದೆ ಎಂದರು.

ಬೈರಾಸು ನನ್ನದು. ಮೂರು ತಿಂಗಳಲ್ಲಿ ಮೊದಲ ಸಲ ಅವತ್ತೇ ಅದನ್ನು ಒಗೆಯಲು ಹಾಕಿದ್ದೆ. ಅಜ್ಜಿಯ ಸ್ವಾತಂತ್ರ್ಯಕ್ಕಾಗಿ ಇನ್ನೆಂದೂ ಆ ತಪ್ಪು ಮಾಡಲಾರೆ.